ಓದುಗರ ಪ್ರಶ್ನೆ: ಆರೈಕೆ ಕೇಂದ್ರದಲ್ಲಿ ಎಷ್ಟು ಸಿಬ್ಬಂದಿ ಇದ್ದರೆ ಸಾಕು?

ವಯಸ್ಸಾದವರನ್ನೂ ದೀರ್ಘಕಾಲದ ಕಾಯಿಲೆಯವರನ್ನೂ ವರ್ಷಗಟ್ಟಲೆ ನೋಡಿಕೊಳ್ಳುವ ಆರೈಕೆ ಕೇಂದ್ರಗಳ ಸಿಬ್ಬಂದಿಯ ಕುರಿತು ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬರೆದವರಲ್ಲಿ ಮನೆಯವರಿದ್ದಾರೆ, ಅಲ್ಲಿಯೇ ದುಡಿಯುವವರಿದ್ದಾರೆ, ಕೇಂದ್ರ ನಡೆಸುವವರೂ ಒಬ್ಬರಿದ್ದಾರೆ. ಪತ್ರಗಳು ಉದ್ದವಾಗಿದ್ದುದರಿಂದ ಪ್ರಶ್ನೆಯ ತಿರುಳನ್ನಷ್ಟೇ ಕೊಟ್ಟಿದ್ದು, ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನನ್ನ ತಾಯಿ ಇರುವ ಕೇಂದ್ರದಲ್ಲಿ 60 ನಿವಾಸಿಗಳಿದ್ದಾರೆ. ಸಿಬ್ಬಂದಿ ಕಡಿಮೆಯಿದೆಯೇ ಎಂದು ಕೇಳಿದಾಗ ವ್ಯವಸ್ಥಾಪಕರು, "ನಮ್ಮಲ್ಲಿ 40 ಜನ ಕೆಲಸಕ್ಕಿದ್ದಾರೆ, ಅಂದರೆ ಒಂದೂವರೆ ನಿವಾಸಿಗೆ ಒಬ್ಬರು" ಎಂದರು. ಆದರೆ ತಾಯಿ ಗಂಟೆ ಒತ್ತಿದರೆ ಎಷ್ಟೋ ಹೊತ್ತು ಯಾರೂ ಬರುವುದಿಲ್ಲ. ಅವರು ಹೇಳಿದ ಲೆಕ್ಕ ಸರಿಯೇ?

ಉತ್ತರ: ಲೆಕ್ಕ ಸುಳ್ಳಲ್ಲದಿರಬಹುದು, ಆದರೆ ನಿಮ್ಮ ಪ್ರಶ್ನೆಗೆ ಅದು ಉತ್ತರವೇ ಅಲ್ಲ. ಸಂಬಳದ ಪಟ್ಟಿಯಲ್ಲಿ ಎಷ್ಟು ಹೆಸರುಗಳಿವೆ ಎಂಬುದು ಒಂದು ಸಂಗತಿ. ಬೆಳಗಿನ ಏಳು ಗಂಟೆಗೆ ನಿಮ್ಮ ತಾಯಿಯ ಹಾಸಿಗೆಯ ಹತ್ತಿರಕ್ಕೆ ಬರಬಲ್ಲವರು ಎಷ್ಟು ಜನ ಎಂಬುದು ಬೇರೆಯೇ ಸಂಗತಿ. ಮೊದಲನೆಯದರಿಂದ ಎರಡನೆಯದಕ್ಕೆ ಬರುವಷ್ಟರಲ್ಲಿ ಸಂಖ್ಯೆ ಹೇಗೆ ಕರಗುತ್ತದೆ ಎಂಬುದನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡೋಣ.

40 ಜನರಲ್ಲಿ ಅಡುಗೆಯವರು, ಬಟ್ಟೆ ಒಗೆಯುವವರು, ನೆಲ ಒರೆಸುವವರು, ಕಚೇರಿಯವರು, ಕಾವಲಿನವರು, ವಾಹನ ಚಾಲಕರು ಸೇರಿ 13 ಜನ ಇದ್ದಾರೆಂದು ಇಟ್ಟುಕೊಳ್ಳಿ. ಇವರ ಕೆಲಸವೂ ಬೇಕಾದದ್ದೇ, ಆದರೆ ಅದು ಶುಶ್ರೂಷೆಯಲ್ಲ. ಉಳಿದವರು 27. ಒಬ್ಬ ನೌಕರನಿಗೆ ವಾರಕ್ಕೊಂದು ರಜೆಯಂತೆ ವರ್ಷಕ್ಕೆ 52 ದಿನ, ಹಬ್ಬ, ಗಳಿಕೆ ರಜೆ, ಕಾಯಿಲೆ ಎಲ್ಲಾ ಸೇರಿ ಇನ್ನೊಂದು 30 ದಿನ ಎಂದರೆ, ಅವರು ಕೆಲಸಕ್ಕೆ ಬರುವುದು ಸುಮಾರು 283 ದಿನ. ಹಾಗಾಗಿ ವರ್ಷದ ಪ್ರತಿದಿನವೂ ಒಬ್ಬರು ಇರಲೇಬೇಕಾದ ಒಂದು ಜಾಗಕ್ಕೆ ಹೆಚ್ಚುಕಡಿಮೆ 1.3 ಜನರನ್ನು ನೇಮಿಸಿರಬೇಕು. 27 ಜನರಿದ್ದರೆ ಯಾವುದೇ ಒಂದು ದಿನ ಹಾಜರಿರುವವರು 21. ಅವರನ್ನು ಮೂರು ಪಾಳಿಗೆ ಹಂಚಿದರೆ ಬೆಳಿಗ್ಗೆ 9, ಮಧ್ಯಾಹ್ನ 7, ರಾತ್ರಿ 5. ಬೆಳಗಿನ 9 ಜನರಲ್ಲಿ ಇಬ್ಬರು ನರ್ಸ್‌ಗಳು ಔಷಧ, ಇಂಜೆಕ್ಷನ್, ಗಾಯದ ಡ್ರೆಸ್ಸಿಂಗ್ ನೋಡಿಕೊಂಡರೆ ಸಹಾಯಕರು 7. ಅವರಲ್ಲೊಬ್ಬರು ನಿವಾಸಿಯೊಬ್ಬರನ್ನು ಕರೆದುಕೊಂಡು ಆಸ್ಪತ್ರೆಗೆ ಹೋದರೆ 6. ಒಂದೂವರೆ ನಿವಾಸಿಗೆ ಒಬ್ಬರು ಎಂದು ಶುರುವಾದದ್ದು ಹತ್ತು ನಿವಾಸಿಗಳಿಗೆ ಒಬ್ಬರು ಎಂಬಲ್ಲಿಗೆ ಬಂದು ನಿಂತಿತು. ಗಂಟೆಗೆ ಯಾರೂ ಬಾರದಿರುವುದು ಇಲ್ಲಿಂದ.

ಈ ಗೊಂದಲಕ್ಕೆ ಅವಕಾಶ ಕೊಡದ ಅಳತೆ ಎಂದರೆ, ಒಬ್ಬ ನಿವಾಸಿಗೆ ದಿನವೊಂದಕ್ಕೆ ಎಷ್ಟು ಹೊತ್ತಿನ ನೇರ ಆರೈಕೆ ಸಿಗುತ್ತದೆ ಎಂಬುದು. ಮೇಲಿನ ಉದಾಹರಣೆಯಲ್ಲಿ 21 ಜನ ಊಟದ ಬಿಡುವು ಕಳೆದು ತಲಾ ಏಳೂವರೆ ಗಂಟೆ ದುಡಿದರೆ ಒಟ್ಟು 157 ಗಂಟೆಗೆ ಸ್ವಲ್ಪ ಮೇಲಾಗುತ್ತದೆ. 60ರಿಂದ ಭಾಗಿಸಿದರೆ ತಲೆಗೆ 2 ಗಂಟೆ 37 ನಿಮಿಷ. ಆಸ್ಟ್ರೇಲಿಯಾದಲ್ಲಿ ವೃದ್ಧರ ಆರೈಕೆಯ ಬಗ್ಗೆ ನೇಮಿಸಿದ್ದ ರಾಯಲ್ ಕಮಿಷನ್ ಎಂಬ ಉನ್ನತ ವಿಚಾರಣಾ ಆಯೋಗ 2021ರಲ್ಲಿ ಅಂತಿಮ ವರದಿ ಕೊಟ್ಟ ಮೇಲೆ ಅಲ್ಲಿನ ಸರ್ಕಾರ ಇದೇ ಅಳತೆಯನ್ನು ಕಡ್ಡಾಯ ಮಾಡಿತು. 2024ರ ಅಕ್ಟೋಬರ್‌ನಿಂದ ಅಲ್ಲಿ ಸರಾಸರಿ 215 ನಿಮಿಷ, ಅಂದರೆ ಮೂರೂವರೆ ಗಂಟೆಗಿಂತ ತುಸು ಹೆಚ್ಚು, ಆರೈಕೆ ಸಿಗಬೇಕು. ಅದರಲ್ಲಿ 44 ನಿಮಿಷ ನೋಂದಾಯಿತ ನರ್ಸ್‌ಗಳದ್ದು, ಅಂದರೆ ಹೆಚ್ಚಿನ ತರಬೇತಿ ಪಡೆದ ನರ್ಸ್‌ಗಳದ್ದು, ಆಗಿರಬೇಕು. ನಿಮ್ಮ ವ್ಯವಸ್ಥಾಪಕರನ್ನು ಮುಂದಿನ ಸಲ ಕಂಡಾಗ ಒಟ್ಟು ಜನ ಎಷ್ಟೆಂದು ಕೇಳಬೇಡಿ. ಕಳೆದ ಭಾನುವಾರದ ಡ್ಯೂಟಿ ಪಟ್ಟಿಯನ್ನು ತೋರಿಸಿ ಎಂದು ಕೇಳಿ. ಭಾನುವಾರ ಎಂದದ್ದು ಬೇಕೆಂದೇ. ಅಮೆರಿಕದಲ್ಲಿ 2016ರಿಂದ ಕೇಂದ್ರಗಳು ಬಾಯಿಮಾತಿನ ಲೆಕ್ಕದ ಬದಲು ಸಂಬಳದ ದಾಖಲೆಯ ಆಧಾರದಲ್ಲಿ ಪ್ರತಿದಿನದ ಹಾಜರಿಯನ್ನು ಸರ್ಕಾರಕ್ಕೆ ಒಪ್ಪಿಸಬೇಕಾಯಿತು. ಆಗ ಹೊರಬಿದ್ದದ್ದು ಎರಡು ಸಂಗತಿ: ಅನೇಕ ಕೇಂದ್ರಗಳು ಮೊದಲು ಹೇಳಿಕೊಂಡಿದ್ದಷ್ಟು ಜನ ಅಲ್ಲಿರಲಿಲ್ಲ, ಮತ್ತು ವಾರದ ಕೊನೆಯ ಎರಡು ದಿನ ಹಾಜರಿ ಎದ್ದು ಕಾಣುವಂತೆ ಇಳಿಯುತ್ತಿತ್ತು.

ಪ್ರಶ್ನೆ: ನಾನು ಆರೈಕೆ ಸಹಾಯಕಿ. ಬೆಳಗಿನ ಪಾಳಿಯಲ್ಲಿ ನನಗೆ 14 ಜನರನ್ನು ಕೊಡುತ್ತಾರೆ. ಅವರಲ್ಲಿ ನಾಲ್ವರಿಗೆ ತುತ್ತು ಕೊಟ್ಟು ಊಟ ಮಾಡಿಸಬೇಕು. ಎಷ್ಟು ಓಡಾಡಿದರೂ ಕೆಲಸ ಮುಗಿಯುವುದಿಲ್ಲ. "ಹೇಗಾದರೂ ಮಾಡಿ ಮುಗಿಸಮ್ಮ" ಎನ್ನುತ್ತಾರೆ. ನನಗೇ ಕೆಲಸದ ಚುರುಕು ಸಾಲದೇ?

ಉತ್ತರ: ಚುರುಕಿನ ಪ್ರಶ್ನೆ ಇಲ್ಲಿ ಬರುವುದೇ ಇಲ್ಲ. ಎಂಟು ಗಂಟೆಯ ಪಾಳಿಯೆಂದರೆ 480 ನಿಮಿಷ. ಊಟಕ್ಕೆ 30, ಪಾಳಿ ವಹಿಸಿಕೊಳ್ಳುವುದಕ್ಕೂ ದಾಖಲೆ ಬರೆಯುವುದಕ್ಕೂ 30 ತೆಗೆದರೆ 420. ನುಂಗಲು ಕಷ್ಟಪಡುವವರಿಗೆ ಊಟ ಮಾಡಿಸುವುದೆಂದರೆ ಬೆನ್ನು ನೆಟ್ಟಗಿರಿಸಿ, ಸಣ್ಣ ಚಮಚದಲ್ಲಿ ಕೊಟ್ಟು, ಬಾಯೊಳಗಿನದು ಇಳಿದಿದೆಯೇ ಎಂದು ನೋಡಿ ಮುಂದಿನ ತುತ್ತು ಕೊಡಬೇಕು. ಒಬ್ಬರಿಗೆ ಅರ್ಧ ಗಂಟೆಯಾದರೂ ಹಿಡಿಯುತ್ತದೆ. ನಾಲ್ವರಿಗೆ ತಿಂಡಿ ಮತ್ತು ಮಧ್ಯಾಹ್ನದ ಊಟ ಎಂದರೆ 240 ನಿಮಿಷ ಅಲ್ಲಿಗೇ ಹೋಯಿತು. ಉಳಿದ 180 ನಿಮಿಷವನ್ನು 14 ಜನರಿಗೆ ಹಂಚಿದರೆ ತಲಾ 13 ನಿಮಿಷವೂ ಬರುವುದಿಲ್ಲ. ಆ 13 ನಿಮಿಷದಲ್ಲಿ ಎಬ್ಬಿಸಬೇಕು, ಶೌಚಕ್ಕೆ ಕರೆದೊಯ್ಯಬೇಕು ಅಥವಾ ಡೈಪರ್ ಬದಲಿಸಬೇಕು, ಬಾಯಿ ತೊಳೆಸಬೇಕು, ಮೈ ಒರೆಸಬೇಕು, ಬಟ್ಟೆ ಹಾಕಬೇಕು, ಮಲಗಿದಲ್ಲೇ ಇರುವವರ ಮಗ್ಗುಲು ಬದಲಿಸಬೇಕು, ನೀರು ಕುಡಿಸಬೇಕು. ಇದು ಯಾರಿಂದಲೂ ಆಗದ ಕೆಲಸ. ಆಗದ ಕೆಲಸವನ್ನು ಆಯಿತು ಎಂದು ತೋರಿಸಬೇಕಾದ ಒತ್ತಡವೇ ಅದಕ್ಕಿಂತ ದೊಡ್ಡ ಕಷ್ಟ.

ಸಮಯ ಸಾಲದಾದಾಗ ಬಿಟ್ಟುಹೋಗುವ ಕೆಲಸಗಳಲ್ಲಿ ಒಂದು ಕ್ರಮವಿರುತ್ತದೆ. ಮೊದಲು ಹೋಗುವುದು ಮಾತು ಮತ್ತು ನಡೆದಾಡಿಸುವುದು. ಆಮೇಲೆ ಬಾಯಿಯ ಸ್ವಚ್ಛತೆ. ಆಮೇಲೆ ಹೊತ್ತುಹೊತ್ತಿಗೆ ನೀರು. ಆಮೇಲೆ ಮಗ್ಗುಲು ಬದಲಿಸುವುದು. ಇವು ಯಾವುವೂ ಆ ಕ್ಷಣಕ್ಕೆ ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದಲೇ ಬಿಟ್ಟುಹೋಗುತ್ತವೆ. ನಡೆದಾಡಿಸದಿದ್ದವರ ಕಾಲು ಸೋಲುತ್ತದೆ, ಒಂದು ದಿನ ತಾವಾಗಿಯೇ ಏಳಲು ಹೋಗಿ ಬೀಳುತ್ತಾರೆ. ನೀರು ಕಡಿಮೆಯಾದವರಿಗೆ ಮೂತ್ರದ ಸೋಂಕು, ಮಲಬದ್ಧತೆ, ಮಂಕು ಬರುತ್ತದೆ. ಒಂದೇ ಮಗ್ಗುಲಲ್ಲಿ ಮಲಗಿದವರ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗುತ್ತದೆ. ಅದಕ್ಕೆ ಕೆಲವೇ ಗಂಟೆಗಳು ಸಾಕು, ಹುಣ್ಣಾದ ಮೇಲೆ ಮಾಯಲು ತಿಂಗಳುಗಳು ಬೇಕು. ಹೀಗೆ ಬೆಳಿಗ್ಗೆ ಉಳಿಸಿದ ಹತ್ತು ನಿಮಿಷವನ್ನು ಮುಂದೆ ದಿನಕ್ಕೆರಡು ಡ್ರೆಸ್ಸಿಂಗ್‌ಗಳ ರೂಪದಲ್ಲಿ ಅದೇ ಕೇಂದ್ರ ಬಡ್ಡಿಸಮೇತ ಕಟ್ಟುತ್ತದೆ.

ಈಗ ನೀವು ಮಾಡಬಹುದಾದದ್ದು. ಪಾಳಿ ಶುರುವಾಗುವಾಗಲೇ ಉಸ್ತುವಾರಿ ನರ್ಸ್ ಬಳಿ ಹೋಗಿ, "ಇಂದು ಇಷ್ಟು ಜನ, ಇವರಲ್ಲಿ ತುತ್ತು ಕೊಡಬೇಕಾದವರು ಇಷ್ಟು, ಇಬ್ಬರು ಸೇರಿಯೇ ಎತ್ತಬೇಕಾದವರು ಇಷ್ಟು, ಎಲ್ಲವೂ ಆಗುವುದಿಲ್ಲ, ಯಾವುದನ್ನು ಮೊದಲು ಮಾಡಲಿ ಎಂದು ನೀವೇ ಹೇಳಿ" ಎಂದು ಕೇಳಿ. ಯಾವುದನ್ನು ಬಿಡಬಹುದು ಎಂದು ನಿರ್ಧರಿಸುವ ಹೊಣೆ ನಿಮ್ಮ ಒಬ್ಬರ ಹೆಗಲ ಮೇಲೆ ಇರಬಾರದು. ಊಟ ಮಾಡಿಸುವುದನ್ನು ಮಾತ್ರ ಎಂದಿಗೂ ಅವಸರಿಸಬೇಡಿ. ತುತ್ತು ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಇಬ್ಬರು ಎತ್ತಬೇಕಾದವರನ್ನು ಒಬ್ಬರೇ ಎತ್ತಬೇಡಿ; ಅವರು ಬೀಳುತ್ತಾರೆ, ಅಥವಾ ನಿಮ್ಮ ಸೊಂಟ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಾಡದಿದ್ದುದಕ್ಕೆ ದಾಖಲೆ ಪುಸ್ತಕದಲ್ಲಿ ಗುರುತು ಹಾಕಬೇಡಿ. "ಮಧ್ಯಾಹ್ನ ಎರಡಕ್ಕೆ ಮಗ್ಗುಲು ಬದಲಿಸಲು ಆಗಲಿಲ್ಲ, ಸಿಬ್ಬಂದಿ ಕೊರತೆ" ಎಂದು ಇದ್ದದ್ದನ್ನು ಇದ್ದಂತೆ ಬರೆಯಿರಿ. ಹೀಗೆ ಬರೆದರೆ ಮೇಲಿನವರಿಗೆ ಕಸಿವಿಸಿಯಾಗುತ್ತದೆ, ನಿಜ. ಆದರೆ ಎಲ್ಲಾ ಚೌಕಗಳಲ್ಲೂ ಗುರುತು ಬಿದ್ದಿರುವ ಪುಸ್ತಕವನ್ನು ನೋಡಿದ ಯಾವ ಆಡಳಿತವೂ ಇನ್ನೊಬ್ಬರನ್ನು ನೇಮಿಸುವುದಿಲ್ಲ, ಮತ್ತು ನಾಳೆ ಏನಾದರೂ ಅನಾಹುತವಾದರೆ ಆ ಸುಳ್ಳು ಗುರುತಿನ ಕೆಳಗೆ ಇರುವುದು ನಿಮ್ಮ ಸಹಿ.

ಪ್ರಶ್ನೆ: ನಾನು ಸಣ್ಣ ಕೇಂದ್ರವೊಂದನ್ನು ನಡೆಸುತ್ತಿದ್ದೇನೆ. ಎಲ್ಲರೂ ಸಿಬ್ಬಂದಿ ಹೆಚ್ಚಿಸಿ ಎನ್ನುತ್ತಾರೆ. ಎಷ್ಟಿದ್ದರೆ ಸಾಕು ಎಂಬುದಕ್ಕೆ ಶಾಸ್ತ್ರೀಯವಾದ ಒಂದು ಸಂಖ್ಯೆ ಇದೆಯೇ? ಇದ್ದರೆ ಎಲ್ಲ ದೇಶಗಳೂ ಅದನ್ನೇಕೆ ಕಾನೂನು ಮಾಡಿಲ್ಲ?

ಉತ್ತರ: ಹೆಚ್ಚಾಗಿ ಉಲ್ಲೇಖಕ್ಕೆ ಬರುವ ಸಂಖ್ಯೆಯೊಂದಿದೆ. ಅಮೆರಿಕದ ಕೇಂದ್ರ ಆರೋಗ್ಯ ಇಲಾಖೆ 2001ರಲ್ಲಿ ಅಲ್ಲಿನ ಸಂಸತ್ತಿಗೆ ಒಪ್ಪಿಸಿದ ವರದಿ, ದೀರ್ಘಕಾಲ ಉಳಿಯುವ ನಿವಾಸಿಗೆ ದಿನಕ್ಕೆ 4.1 ಗಂಟೆಗಿಂತ ಕಡಿಮೆ ಆರೈಕೆ ಸಿಕ್ಕಿದರೆ ತೊಂದರೆಗಳು ಹೆಚ್ಚುತ್ತವೆ ಎಂದು ಕಂಡುಕೊಂಡಿತು. ಆ 4.1ರಲ್ಲಿ 2.8 ಗಂಟೆ ಸಹಾಯಕರದ್ದು, 1.3 ಗಂಟೆ ಪರವಾನಗಿ ಪಡೆದ ನರ್ಸ್‌ಗಳದ್ದು, ಈ 1.3ರೊಳಗೆ 0.75 ಗಂಟೆ ನೋಂದಾಯಿತ ನರ್ಸ್‌ಗಳದ್ದು. ಈ ಮಟ್ಟವನ್ನು ದಾಟಿದ ಮೇಲೆ ಇನ್ನಷ್ಟು ಜನರನ್ನು ಸೇರಿಸಿದರೂ ಗುಣಮಟ್ಟ ಹೇಳಿಕೊಳ್ಳುವಂತೆ ಏರಲಿಲ್ಲ ಎಂಬುದೂ ಅದೇ ವರದಿಯಲ್ಲಿದೆ. "ಎಷ್ಟು ಕೊಟ್ಟರೂ ಸಾಲದು ಎನ್ನುತ್ತಾರೆ" ಎಂದು ಬೇಸರಿಸುವ ಆಡಳಿತಗಾರರು ಈ ಭಾಗವನ್ನು ಗಮನಿಸುವುದು ಒಳ್ಳೆಯದು.

ಕಾನೂನಾಗದಿರುವ ಕಥೆಯೂ ಅಮೆರಿಕದ್ದೇ. ಅಲ್ಲಿನ 1987ರ ಕಾನೂನು ದಿನಕ್ಕೆ ಎಂಟು ಗಂಟೆ ನೋಂದಾಯಿತ ನರ್ಸ್, ಇಡೀ ದಿನ ಪರವಾನಗಿಯುಳ್ಳ ಯಾರಾದರೊಬ್ಬ ನರ್ಸ್ ಇರಬೇಕೆಂದು ಹೇಳಿ, ಉಳಿದದ್ದನ್ನು "ಸಾಕಷ್ಟು ಸಿಬ್ಬಂದಿ" ಎಂಬ ಮಾತಿಗೆ ಬಿಟ್ಟಿತು. ಸಾಕಷ್ಟು ಎಂದರೆ ಎಷ್ಟು ಎಂಬುದಕ್ಕೆ ಸಂಖ್ಯೆ ಬಂದದ್ದು 2024ರ ಸರ್ಕಾರಿ ನಿಯಮದಲ್ಲಿ: ಒಟ್ಟು 3.48 ಗಂಟೆ, ಅದರಲ್ಲಿ ನೋಂದಾಯಿತ ನರ್ಸ್ 0.55, ಸಹಾಯಕರು 2.45, ಜೊತೆಗೆ ಹಗಲೂ ರಾತ್ರಿಯೂ ಒಬ್ಬ ನೋಂದಾಯಿತ ನರ್ಸ್. ಸರ್ಕಾರದ್ದೇ 2001ರ ವರದಿಗಿಂತ ಇದು ಕಡಿಮೆ ಎಂದು ಕಾರ್ಮಿಕರ ಪರ ಇದ್ದವರು ಆಕ್ಷೇಪಿಸಿದರು. ಜನರೇ ಸಿಗದ ಕಡೆ ಇದು ಅಸಾಧ್ಯ ಎಂದು ಮಾಲೀಕರು ನ್ಯಾಯಾಲಯಕ್ಕೆ ಹೋದರು. 2025ರ ಏಪ್ರಿಲ್‌ನಲ್ಲಿ ಟೆಕ್ಸಾಸ್‌ನ ಫೆಡರಲ್ ನ್ಯಾಯಾಲಯ ಆ ನಿಯಮದ ಮುಖ್ಯ ಭಾಗಗಳನ್ನು ರದ್ದು ಮಾಡಿತು, ಅದೇ ವರ್ಷ ಸಂಸತ್ತು ಅದರ ಜಾರಿಯನ್ನು 2034ರವರೆಗೆ ತಡೆಹಿಡಿಯಿತು. ಇದಕ್ಕೆ ವ್ಯತಿರಿಕ್ತವಾಗಿ ಆಸ್ಟ್ರೇಲಿಯಾ ನಿಮಿಷಗಳ ಲೆಕ್ಕದಲ್ಲಿ ಮುಂದುವರಿಯಿತು, ಕೆನಡಾದ ಒಂಟಾರಿಯೊ ಪ್ರಾಂತ್ಯ ತನ್ನ 2021ರ ಕಾನೂನಿನಲ್ಲಿ ಸರಾಸರಿ 4 ಗಂಟೆಯ ಗುರಿ ಇಟ್ಟುಕೊಂಡಿತು.

ಮಾಲೀಕರ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ನಿಯಮ ಬರೆದ ಮಾತ್ರಕ್ಕೆ ನರ್ಸ್‌ಗಳು ಹುಟ್ಟಿಕೊಳ್ಳುವುದಿಲ್ಲ, ಹಣ ಕೊಡದೆ ಸಂಖ್ಯೆಯನ್ನಷ್ಟೇ ಹೇರಿದರೆ ಸಣ್ಣ ಕೇಂದ್ರಗಳು ಬಾಗಿಲು ಹಾಕುತ್ತವೆ. ಆದರೆ ಆ ವಾದದ ಇನ್ನೊಂದು ತುದಿಯನ್ನು ಅವರು ಹೇಳುವುದಿಲ್ಲ: ಜನ ಸಿಗುತ್ತಿಲ್ಲ ಎನ್ನುವ ಕೇಂದ್ರಗಳಲ್ಲಿ ಬಹಳಷ್ಟು ಕಡೆ ಜನ ಬರುತ್ತಾರೆ, ನಿಲ್ಲುವುದಿಲ್ಲ. 14 ಜನರನ್ನು ಒಬ್ಬರಿಗೇ ಕೊಟ್ಟ ಕಡೆ ಮೂರನೆಯ ತಿಂಗಳಿಗೆ ಬಿಟ್ಟುಹೋಗುತ್ತಾರೆ, ಉಳಿದವರ ಪಾಲಿಗೆ 16 ಬೀಳುತ್ತದೆ, ಅವರೂ ಹೊರಡುತ್ತಾರೆ. ಹೊಸಬರಿಗೆ ಕಲಿಸುವ ಖರ್ಚು, ಏಜೆನ್ಸಿಯಿಂದ ಕರೆಸಿದವರಿಗೆ ಕೊಡುವ ಹೆಚ್ಚಿನ ಹಣ, ಹುಣ್ಣು ಮತ್ತು ಬೀಳುವಿಕೆಯಿಂದ ಬರುವ ಚಿಕಿತ್ಸೆಯ ಭಾರ ಇವನ್ನೆಲ್ಲ ಒಂದು ಕಡೆ ಬರೆದು, ಇಬ್ಬರು ಸಹಾಯಕರ ಸಂಬಳವನ್ನು ಇನ್ನೊಂದು ಕಡೆ ಬರೆದು ನೋಡಿ. ಏಜೆನ್ಸಿಯವರು ಸಂಖ್ಯೆಯನ್ನು ತುಂಬುತ್ತಾರೆಯೇ ಹೊರತು, ಮೂರನೇ ಕೋಣೆಯವರಿಗೆ ಎಡಗಿವಿ ಕೇಳಿಸುವುದಿಲ್ಲ ಎಂಬುದು ಅವರಿಗೆ ಗೊತ್ತಿರುವುದಿಲ್ಲ.

ಇನ್ನು ನಿಮ್ಮ ಕೇಂದ್ರಕ್ಕೆ ಬೇಕಾದ ಸಂಖ್ಯೆ. 4.1 ಆಗಲಿ, 3.48 ಆಗಲಿ, ಅದರ ಕೆಳಗೆ ಇಳಿಯಬಾರದ ನೆಲಮಟ್ಟವೆಂದು ತಿಳಿಯಿರಿ. ನಿಮ್ಮಲ್ಲಿರುವವರಲ್ಲಿ ಎಷ್ಟು ಜನ ಹಾಸಿಗೆ ಹಿಡಿದಿದ್ದಾರೆ, ಎಷ್ಟು ಜನರಿಗೆ ಮರೆವಿನ ಕಾಯಿಲೆ ಇದೆ, ಎಷ್ಟು ಜನರಿಗೆ ಟ್ಯೂಬ್‌ನಲ್ಲಿ ಆಹಾರ ಹೋಗುತ್ತದೆ ಎಂಬುದರ ಮೇಲೆ ಅಲ್ಲಿಂದ ಮೇಲಕ್ಕೆ ಏರಬೇಕು. ಎರಡು ಕೇಂದ್ರಗಳಲ್ಲಿ ತಲಾ 30 ಜನರಿರಬಹುದು. ಒಂದರಲ್ಲಿ 20 ಜನ ತಾವೇ ನಡೆದು ಊಟದ ಮನೆಗೆ ಬರುತ್ತಾರೆ, ಇನ್ನೊಂದರಲ್ಲಿ ಐದೇ ಜನ. ಎರಡಕ್ಕೂ ಒಂದೇ ಪಟ್ಟಿ ಹಾಕುವುದು ಅನ್ಯಾಯ. ಪ್ರತಿ ತಿಂಗಳು, ಹಾಗೂ ಯಾರಾದರೂ ಆಸ್ಪತ್ರೆಯಿಂದ ಮರಳಿದಾಗಲೆಲ್ಲ, ಈ ಲೆಕ್ಕವನ್ನು ಹೊಸದಾಗಿ ಮಾಡಿ. ಮೊದಲು ಬೆಳಗಿನ ಪಾಳಿಯ ಮೊದಲ ಮೂರು ಗಂಟೆ ಮತ್ತು ಊಟದ ಹೊತ್ತುಗಳನ್ನು ಬಲಪಡಿಸಿ. ಇಡೀ ದಿನಕ್ಕೆ ಒಬ್ಬರನ್ನು ನೇಮಿಸಲು ಆಗದಿದ್ದರೆ ಆ ಹೊತ್ತಿಗಷ್ಟೇ ಬರುವ ಇಬ್ಬರು ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ಪ್ರಶ್ನೆ: ನರ್ಸಿಂಗ್ ಓದುತ್ತಿದ್ದೇನೆ. ಆರೈಕೆ ಕೇಂದ್ರಗಳಲ್ಲಿ ಚಿಕಿತ್ಸೆಗಿಂತ ದಿನನಿತ್ಯದ ಆರೈಕೆಯೇ ಹೆಚ್ಚು ಅಲ್ಲವೇ? ಹಾಗಿದ್ದರೆ ನರ್ಸ್‌ಗಳನ್ನು ಕಡಿಮೆ ಮಾಡಿ ಅದೇ ಹಣದಲ್ಲಿ ಸಹಾಯಕರನ್ನು ಹೆಚ್ಚಿಸಿದರೆ ತಪ್ಪೇನು?

ಉತ್ತರ: ಕೈಕೆಲಸದ ಮಟ್ಟಿಗೆ ಮಾತ್ರ ನೋಡಿದರೆ ನಿಮ್ಮ ವಾದ ಸರಿಯಾಗಿ ಕಾಣುತ್ತದೆ. ಆದರೆ ವಯಸ್ಸಾದವರ ಕಾಯಿಲೆ ಪುಸ್ತಕದಲ್ಲಿ ಇರುವಂತೆ ಬರುವುದಿಲ್ಲ. ಸೋಂಕಿಗೆ ಜ್ವರ ಬರದೇ ಇರಬಹುದು. ನಿನ್ನೆಯವರೆಗೆ ಹೆಸರು ಹಿಡಿದು ಕರೆಯುತ್ತಿದ್ದವರು ಇಂದು ಗೊಂದಲಕ್ಕೆ ಬೀಳಬಹುದು, ಊಟ ಬೇಡವೆನ್ನಬಹುದು, ಅಷ್ಟೇ. ಸಹಾಯಕಿ ಬಂದು "ಅಜ್ಜಿ ಇವತ್ತು ಎಂದಿನ ಹಾಗಿಲ್ಲ" ಎಂದು ಹೇಳುತ್ತಾಳೆ. ಬಹುಪಾಲು ಸಲ ಮೊದಲು ಗುರುತಿಸುವವಳು ಅವಳೇ, ಏಕೆಂದರೆ ಮೈ ಮುಟ್ಟಿ ಕೆಲಸ ಮಾಡುವವಳು ಅವಳು. ಆದರೆ ಆ ಮಾತನ್ನು ಕೇಳಿ, ನಾಡಿ, ಉಸಿರಾಟ, ರಕ್ತದೊತ್ತಡ, ಸಕ್ಕರೆ ನೋಡಿ, ಮೂರು ದಿನದ ಹಿಂದೆ ಬದಲಾದ ಮಾತ್ರೆಯ ಜೊತೆ ತಾಳೆ ಹಾಕಿ, ಈಗಲೇ ವೈದ್ಯರನ್ನು ಕರೆಯಬೇಕೇ ಸಂಜೆಯವರೆಗೆ ಕಾಯಬಹುದೇ ಎಂದು ತೀರ್ಮಾನಿಸಲು ತರಬೇತಿ ಬೇಕು. ಅಮೆರಿಕದಲ್ಲಿ ಸಹಾಯಕರಿಗೆ ಕೇಂದ್ರ ಸರ್ಕಾರ ಕಡ್ಡಾಯ ಮಾಡಿರುವ ಕನಿಷ್ಠ ತರಬೇತಿ 75 ಗಂಟೆ. ಇಷ್ಟರ ಮೇಲೆ ಆ ತೀರ್ಮಾನದ ಹೊರೆ ಹೇರುವುದು ಅವರಿಗೂ ಒಳ್ಳೆಯದಲ್ಲ, ನಿವಾಸಿಗೂ ಒಳ್ಳೆಯದಲ್ಲ. ಒಟ್ಟು ಗಂಟೆಗಳ ಒಳಗೆ ನೋಂದಾಯಿತ ನರ್ಸ್‌ಗಳ ಪಾಲನ್ನು ಆಸ್ಟ್ರೇಲಿಯಾದಂಥ ಕಡೆ ಬೇರೆಯಾಗಿ ನಿಗದಿ ಮಾಡಿರುವುದು ಇದಕ್ಕೇ. ಸಹಾಯಕರಿಲ್ಲದೆ ನರ್ಸ್ ಕುರುಡು, ನರ್ಸ್ ಇಲ್ಲದೆ ಸಹಾಯಕಿಯ ಮಾತು ಕೇಳುವವರಿಲ್ಲ. ಒಬ್ಬರ ಜಾಗವನ್ನು ಇನ್ನೊಬ್ಬರಿಂದ ತುಂಬಿಸುವ ಲೆಕ್ಕ ಹಣಕಾಸು ವಿಭಾಗದಲ್ಲಿ ಮಾತ್ರ ಸರಿಹೊಂದುತ್ತದೆ.

ಪ್ರಶ್ನೆ: ರಾತ್ರಿ ಎಲ್ಲರೂ ಮಲಗಿರುತ್ತಾರೆ. 40 ಜನರಿಗೆ ಒಬ್ಬರು ಸಾಲದೇ?

ಉತ್ತರ: ಸಾಲದು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ 2015ರ ಕಾನೂನು ಅಲ್ಲಿನ ಸರ್ಕಾರಿ ವೃದ್ಧರ ಆರೈಕೆ ವಾರ್ಡ್‌ಗಳಿಗೆ ಬೆಳಿಗ್ಗೆ 7 ನಿವಾಸಿಗಳಿಗೆ, ಮಧ್ಯಾಹ್ನ 8 ನಿವಾಸಿಗಳಿಗೆ, ರಾತ್ರಿ 15 ನಿವಾಸಿಗಳಿಗೆ ಒಬ್ಬ ನರ್ಸ್ ಎಂದು ನಿಗದಿ ಮಾಡಿದೆ. ರಾತ್ರಿ ಕಡಿಮೆ ಇರಬಹುದೆಂದು ಅದೂ ಒಪ್ಪುತ್ತದೆ, ಆದರೆ 40ಕ್ಕೆ ಒಬ್ಬರು ಎಂಬಲ್ಲಿಗೆ ಇಳಿಯುವುದಿಲ್ಲ. ಮರೆವಿನ ಕಾಯಿಲೆಯವರಲ್ಲಿ ಅನೇಕರಿಗೆ ಕತ್ತಲಾದಂತೆ ಚಡಪಡಿಕೆ ಹೆಚ್ಚುತ್ತದೆ; ಶೌಚಕ್ಕೆಂದು ಎದ್ದು ಬೀಳುವುದೂ ಇದೇ ಹೊತ್ತಿನಲ್ಲಿ. ಒಬ್ಬರೇ ಇದ್ದು, ಅವರು ಒಂದು ಕೋಣೆಯಲ್ಲಿ ಬಿದ್ದವರ ಬಳಿ ಕುಳಿತರೆ ಉಳಿದ 39 ಜನರನ್ನು ನೋಡುವವರಿಲ್ಲ. ಬೆಂಕಿ ಬಿದ್ದರೆ ನಡೆಯಲಾಗದ 40 ಜನರನ್ನು ಒಬ್ಬರು ಹೊರಗೆ ತರುವುದು ಹೇಗೆ ಎಂಬ ಒಂದೇ ಪ್ರಶ್ನೆಯನ್ನು ಆಡಳಿತದವರಿಗೆ ಕೇಳಿ ನೋಡಿ. ಸಿಬ್ಬಂದಿ ಕಡಿಮೆಯಿರುವ ಕಡೆ ರಾತ್ರಿ ಎಲ್ಲರೂ ಗಾಢವಾಗಿ ಮಲಗಿದ್ದರೆ, ಯಾರಿಗೆಲ್ಲ ನಿದ್ದೆಯ ಮಾತ್ರೆ ಕೊಡುತ್ತಿದ್ದಾರೆ, ಯಾರ ಸಲಹೆಯ ಮೇಲೆ ಕೊಡುತ್ತಿದ್ದಾರೆ ಎಂದೂ ವಿಚಾರಿಸಬೇಕಾಗುತ್ತದೆ.

ಪ್ರಶ್ನೆ: ಕ್ಯಾಮೆರಾ, ಹಾಸಿಗೆಯಿಂದ ಎದ್ದರೆ ಕೂಗುವ ಸೆನ್ಸರ್ ಇವೆಲ್ಲ ಬಂದಿರುವಾಗ ಅಷ್ಟು ಜನ ಏಕೆ ಬೇಕು?

ಉತ್ತರ: ಸೆನ್ಸರ್ ಕೂಗಿದಾಗ ಓಡಿ ಬರಲು ಜನ ಬೇಕು. ಬರುವವರಿಲ್ಲದ ಕಡೆ ಅದು ಬಿದ್ದದ್ದನ್ನು ದಾಖಲಿಸುತ್ತದೆ, ತಪ್ಪಿಸುವುದಿಲ್ಲ.

ಪ್ರಶ್ನೆ: ತಂದೆಯವರನ್ನು ಸೇರಿಸಲು ಕೇಂದ್ರಗಳನ್ನು ನೋಡುತ್ತಿದ್ದೇವೆ. ದಾಖಲೆ ತೋರಿಸಿ ಎಂದರೆ ಎಲ್ಲರೂ ತೋರಿಸುವುದಿಲ್ಲ. ಕಣ್ಣಿನಲ್ಲೇ ನೋಡಿ ಸಿಬ್ಬಂದಿ ಸಾಕಷ್ಟಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಅವರು ಕರೆದ ಹೊತ್ತಿಗೆ ಒಮ್ಮೆ ಹೋಗಿ, ಅನುಮತಿಯಿದ್ದರೆ ಊಟದ ಹೊತ್ತಿಗೆ ಇನ್ನೊಮ್ಮೆ ಹೋಗಿ. ತುತ್ತು ಕೊಡುವವರು ಕುಳಿತು ಕೊಡುತ್ತಿದ್ದಾರೆಯೇ, ನಿಂತುಕೊಂಡೇ ಒಬ್ಬರಿಂದ ಇನ್ನೊಬ್ಬರ ಬಳಿಗೆ ಸಾಗುತ್ತಿದ್ದಾರೆಯೇ ನೋಡಿ. ತಟ್ಟೆ ತಣ್ಣಗಾದ ಮೇಲೂ ಯಾರ ಮುಂದೆ ಹಾಗೆಯೇ ಇದೆ ಎಂಬುದನ್ನು ನೋಡಿ. ನೀರಿನ ಲೋಟ ಹಾಸಿಗೆಯಲ್ಲಿರುವವರ ಕೈಗೆ ಸಿಗುವಂತಿದೆಯೇ, ತುಟಿ ಒಣಗಿವೆಯೇ, ಉಗುರು ಬೆಳೆದಿವೆಯೇ, ಬೆಳಗಿನ ಹನ್ನೊಂದಕ್ಕೂ ರಾತ್ರಿಯ ಉಡುಪಿನಲ್ಲೇ ಎಷ್ಟು ಜನರಿದ್ದಾರೆ, ಇವೆಲ್ಲ ಸಿಬ್ಬಂದಿಯ ಸಂಖ್ಯೆಯನ್ನು ಪಟ್ಟಿಗಿಂತ ಚೆನ್ನಾಗಿ ಹೇಳುತ್ತವೆ. ಗೋಡೆಯ ಬಣ್ಣ, ಹೂದೋಟ, ಸ್ವಾಗತಕಾರರ ನಗು ಇವಕ್ಕೆ ಸೋಲಬೇಡಿ. ಅವು ಶುಶ್ರೂಷೆಯ ಗಂಟೆಗಳ ಲೆಕ್ಕಕ್ಕೆ ಸೇರುವುದಿಲ್ಲ.

ಕರೆಗಂಟೆ ಕೇಳಿಸಿದಾಗ ಗಡಿಯಾರ ನೋಡಿಕೊಳ್ಳಿ. ಅಲ್ಲಿನ ಮೂವರು ಸಹಾಯಕಿಯರನ್ನು ಒಬ್ಬೊಬ್ಬರಾಗಿ ಪಕ್ಕಕ್ಕೆ ಕರೆದು, "ಇವತ್ತು ನಿಮ್ಮ ಪಾಲಿಗೆ ಎಷ್ಟು ಜನ? ಇಲ್ಲಿಗೆ ಬಂದು ಎಷ್ಟು ಕಾಲವಾಯಿತು?" ಎಂದು ಸಹಜವಾಗಿ ವಿಚಾರಿಸಿ. ಮೂವರೂ ಸೇರಿ ಕೆಲವೇ ವಾರವಾಗಿದೆ ಎಂದರೆ ಮತ್ತೊಂದು ಕೇಂದ್ರ ನೋಡಿ. ದಾಖಲೆ ತೋರಿಸದವರನ್ನು, "ನಮ್ಮ ತಂದೆಯವರಿಗೆ ದಿನಕ್ಕೆ ಎಷ್ಟು ಗಂಟೆಯ ಆರೈಕೆ ಸಿಗುತ್ತದೆ, ಅದರಲ್ಲಿ ನರ್ಸ್‌ನದು ಎಷ್ಟು ಎಂದು ಒಪ್ಪಂದದಲ್ಲಿ ಬರೆದು ಕೊಡುತ್ತೀರಾ?" ಎಂದು ಕೇಳಿ. ಬರೆದು ಕೊಡುವವರು ಕಡಿಮೆ, ಆದರೆ ಆ ಪ್ರಶ್ನೆಗೆ ಅವರು ತಡವರಿಸುವ ರೀತಿಯಿಂದಲೇ ನಿಮಗೆ ಬೇಕಾದಷ್ಟು ತಿಳಿಯುತ್ತದೆ.